ತುದಿಗೈ ಈರಣ್ಣನ ನಾಡಿ

ಅದು ಶುರುವಾದದ್ದು ಶಿವರಾತ್ರಿಯ ಹಿಂದಿನ ಚಳಿಯಲ್ಲಿ, ಫಸ್ಟ್ ಶೋಗೆ ಬೆಲ್ ಹೊಡೆಯುವ ಹೊತ್ತಿಗೆ. ಬೆಲ್ ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ಆ ಹೊತ್ತಾದರೆ ನನ್ನ ಕಾಲುಗಳು ತಾವಾಗಿಯೇ ಚಂದ್ರಕಲಾ ಟಾಕೀಸಿನ ಕಡೆ ತಿರುಗುತ್ತಿದ್ದವು. ರಾಣೆಬೆನ್ನೂರಿನ ಆ ಟಾಕೀಸಿಗೆ ನಾನು ಗೇಟ್‌ಕೀಪರ್ ಆಗಿದ್ದವನು. ಕತ್ತಲಲ್ಲಿ ಬ್ಯಾಟರಿ ಹಿಡಿದು ಜನರನ್ನು ಅವರವರ ಕುರ್ಚಿಗೆ ಮುಟ್ಟಿಸುವುದು ನನ್ನ ಕೆಲಸ. ಓದು ಬರಹ ಅಂದರೆ ಟಿಕೀಟಿನ ಮೇಲಿನ ನಂಬರು ಗುರುತಿಸುವಷ್ಟು.

ಆ ದಿನ ನೋಡಿದರೆ ಗೇಟು ತೆರೆದಿತ್ತು. ಟೆಂಪೋದಿಂದ ಡಬ್ಬಿ ಇಳಿಸುತ್ತಿದ್ದರು. ಧಾರವಾಡದ ಕಡೆಯ ಹುಡುಗ, ವಾದಿರಾಜ ಅಂತ ಹೆಸರು, ಗೋಡೆ ತಡವುತ್ತ ನಿಂತಿದ್ದ.

“ಅಜ್ಜಾರ, ಮೇನ್ ಸ್ವಿಚ್ ಎಲ್ಲಿ ಅದ ಅಂತ ನಿಮಗೇನರೆ ಗೊತ್ತದ ಏನು?”

“ಪರದೆ ಹಿಂದ ಐತಿ. ಕೈಯಾಗ ಬಟ್ಟಿ ಹಿಡಕೊಂಡು ಎತ್ರಿ. ಷಾಕ್ ಹೊಡಿತೈತಿ,” ಅಂದೆ.

ಹಾಗೆ ನಾನು ಆ ಆಟದ ಕ್ಲಬ್ಬಿಗೆ ಬಂದೆ. ಹಾಲಿನಲ್ಲಿ ಕೂತು ಆಡುವವರು ಅರ್ಧ, ಹೊಸಪೇಟೆ, ಕಾರವಾರ, ಶಾರ್ಜಾದಲ್ಲಿ ತಮ್ಮ ಮನೆಯಲ್ಲೇ ಕೂತು ಲೈನಿನ ಮೇಲೆ ಸೇರುವವರು ಅರ್ಧ. ಹಳೆಯ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ವಾದಿರಾಜ ತನ್ನ ಯಂತ್ರ ಇಟ್ಟ. ಅಲ್ಲಿಂದ ಇಡೀ ಆಟ ನಡೆಯುತ್ತಿತ್ತು. ನನ್ನ ಅಳಿಯ ಈರಣ್ಣ ನನಗಿಂತ ಮೊದಲೇ ಹೆಸರು ಹಚ್ಚಿದ್ದ. ನನ್ನನ್ನು ಎಳೆದು ಸೇರಿಸಿದವನೂ ಅವನೇ.

“ಮಾವಾರ, ಇದಕ್ಕ ಓದಾಕ ಬರೋದು ಬ್ಯಾಡ್ರಿ. ಎದಿ ಇದ್ರ ಸಾಕು,” ಅಂದ.

ಆಟದ ಹೆಸರು ಮಂಜು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡರೆ ಎದುರಿಗೆ ಬಿಳಿ ಮಂಜು ತುಂಬಿದ ಕಣಿವೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ದೀಪ. ಅದು ಆರದ ಹಾಗೆ ಆಚೆ ಕಡೆಗೆ ದಾಟಬೇಕು. ಅಂಥ ಒಂದೊಂದು ಆಟಕ್ಕೆ ಒಂದು ದಾಟು ಅನ್ನುತ್ತಿದ್ದರು. ಮಂಜಿನೊಳಗೆ ತೋಳದಂಥವು ಓಡಾಡುತ್ತವೆ. ಪಕ್ಕದವರು ಕಾಣುವುದಿಲ್ಲ, ಕಿವಿ ತುಂಬ ಗಾಳಿಯ ಸದ್ದು, ಕೂಗಿದರೆ ಕೇಳುವುದಿಲ್ಲ. ಗೊತ್ತಾಗುವುದೆಲ್ಲ ಕೈಗವಸಿನ ಮೂಲಕ. ಗವಸು ನಮ್ಮ ಮಣಿಕಟ್ಟಿನ ನಾಡಿಯನ್ನು ಹಿಡಿದು ಯಂತ್ರಕ್ಕೆ ಕಳಿಸುತ್ತದೆ. ಯಂತ್ರ ಅದನ್ನು ಇನ್ನೊಬ್ಬರ ಬೆರಳ ತುದಿಗೆ ಮುಟ್ಟಿಸುತ್ತದೆ, ಕೋಳಿಮರಿ ಕಾಳು ಕುಕ್ಕಿದ ಹಾಗೆ.

ಅಲ್ಲಿಯ ಅಂತಸ್ತೆಲ್ಲ ಬೆರಳಿನ ಲೆಕ್ಕ. ಹೊಸಬರಿಗೆ ಹೆಬ್ಬೆರಳಿನಲ್ಲಿ ಮಾತ್ರ ಮಿಡಿತ, ಅದು ತಮ್ಮ ಮುಂದಾಳಿನದು. ಮುಂದಾಳಿಗೆ ನಾಲ್ಕು ಬೆರಳಲ್ಲಿ ತನ್ನ ನಾಲ್ವರ ನಾಡಿ, ಹೆಬ್ಬೆರಳಲ್ಲಿ ತನ್ನ ಮೇಲಿನವನದು. ಅವನಿಗೆ ನಾಲ್ಬೆರಳು ಅನ್ನುತ್ತಿದ್ದರು. ನಾಲ್ಕು ಜನ ನಾಲ್ಬೆರಳಿನವರ ಮೇಲೆ ಒಬ್ಬ ಹಿರಿಗೈ. ನಾಲ್ಕು ಹಿರಿಗೈಗಳ ಮೇಲೆ ಒಬ್ಬರು ತುದಿಗೈ. ತುದಿಗೈಯ ಹೆಬ್ಬೆರಳು ಸುಮ್ಮನಿರುತ್ತದೆ. ಅವರ ಮೇಲೆ ಯಾರೂ ಇಲ್ಲವಲ್ಲ.

ಬಡ್ತಿ ಕೊಡುವುದು ಯಂತ್ರ. ಎಷ್ಟು ತೋಳ ಹೊಡೆದೆ ಅನ್ನುವುದು ಅದಕ್ಕೆ ಬೇಕಿಲ್ಲ. ಅಪಾಯ ಬಂದಾಗ ಯಾರ ನಾಡಿ ತಡೆದು ನಿಲ್ಲುತ್ತದೆ, ಯಾರ ನಾಡಿಯ ಹಿಂದೆ ಉಳಿದವರ ನಾಡಿಯೂ ಇಳಿದು ಸಮಾಧಾನಕ್ಕೆ ಬರುತ್ತದೆ, ಅದನ್ನು ನೋಡುತ್ತಿತ್ತು. ಅದಕ್ಕೆ ವಾದಿರಾಜ ‘ಹದ’ ಅನ್ನುತ್ತಿದ್ದ. ಹದ ಇದ್ದವರು ಮೇಲೆ. ದಾಟುವ ನಡುವೆ ಮುಂದಾಳಿನ ನಾಡಿ ಕಡಿದರೆ ಅವನ ಕೆಳಗಿನವರೆಲ್ಲ ಮತ್ತೆ ಹೆಬ್ಬೆರಳಿಗೆ ಬೀಳುತ್ತಿದ್ದರು. ಮುಂದಾಳು ತಾನಾಗಿ ಇಳಿದರೂ ಹಾಗೇ ಬೀಳುತ್ತಿದ್ದರು. ಇಳಿಯಬೇಕೆಂದರೆ ನಾಲ್ಕು ಬೆರಳನ್ನು ಮೂರು ಸಲ ಅಂಗೈಗೆ ಮಡಚಬೇಕು. ಅದಕ್ಕೆ ಮುಷ್ಟಿ ಮಡಚುವುದು ಅನ್ನುತ್ತಿದ್ದರು. ಯಾರೂ ಮಡಚಿರಲಿಲ್ಲ. ತುದಿಗೈ ಒಬ್ಬರು ಮಾತ್ರ ಕಾರ್ತಿಕದಲ್ಲಿ ವರ್ಷದ ಕೊನೆಯ ದಾಟು ಮುಗಿದ ಮೇಲೆ ತಾವಾಗಿ ಇಳಿದು ಹೆಬ್ಬೆರಳಾಗಿ ಕೂರಬೇಕು; ಆಗ ಕೆಳಗಿನವರು ಬೀಳುವುದಿಲ್ಲ. ಆ ದಾಟಿನಲ್ಲಿ ಹದ ಕಂಡವರು ಅವರ ಜಾಗಕ್ಕೆ.

ಟಾಕೀಸಿನ ಕಾಲದ್ದು ಒಂದೇ ಒಂದು ಉಳಿದಿತ್ತು, ಇಂಟರ್‌ವಲ್ ಗಂಟೆ. ದಾಟು ಅರ್ಧವಾದಾಗ ಮೆಹರಕ್ಕ ಅದನ್ನು ಹೊಡೆಯುತ್ತಿದ್ದಳು. ಮೆಹರುನ್ನೀಸಾ, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗಿ ಹೇಳುವವಳು. ಎರಡನೇ ವರ್ಷ ಅವಳೇ ತುದಿಗೈ. ಗಂಟೆಯಾದರೆ ಒಂದು ಗಳಿಗೆ ಆಟವೂ ಕಿವಿಯ ಗಾಳಿಯೂ ನಿಲ್ಲುತ್ತಿದ್ದವು. ಆದರೆ ಕನ್ನಡಕ, ಗವಸು ಯಾರೂ ತೆಗೆಯುವಂತಿಲ್ಲ. ಬಾಗಿಲಲ್ಲಿ ನನ್ನ ಮಗಳು ಅನಸೂಯಾ ಚಹದ ಥರ್ಮಾಸು ಹಿಡಿದು ಬಂದು, ಬೇಕಾದವರ ಎಡಗೈಗೆ ಕಪ್ಪು ಕೊಟ್ಟು ಹೋಗುತ್ತಿದ್ದಳು.

ನಾನು ಈರಣ್ಣನ ಕೆಳಗೆ ಹೆಬ್ಬೆರಳಾಗಿದ್ದೆ. ಅವನು ನಾಲ್ಬೆರಳು. ಅವನ ನಾಡಿಯನ್ನು ನನ್ನಷ್ಟು ಬಲ್ಲವರು ಯಾರಿದ್ದರು? ತೋಳ ಬಂದರೆ ಅದು ಓಡುತ್ತಿತ್ತು, ಆಮೇಲೆ ನಗು ಬಂದವನ ಹಾಗೆ ತಟಪಟ ಕುಣಿದು ಇಳಿಯುತ್ತಿತ್ತು. ಗಂಟೆ ಹೊಡೆದಾಗ ಮಾತ್ರ ಬೇರೆ. ಗಂಟೆ ಕೇಳಿಸಿದ ಕೂಡಲೇ ಅದು ಒಂದು ಸಲ ಎಡವುತ್ತಿತ್ತು, ಎರಡು ಬಡಿತ ಒಂದರ ಮೇಲೊಂದು ಬಿದ್ದ ಹಾಗೆ. ಯಾಕೆ ಅಂತ ನನಗೆ ಗೊತ್ತಿತ್ತು. ಅನಸೂಯಾ ಹುಡುಗಿಯಾಗಿದ್ದಾಗ ಇಂಟರ್‌ವಲ್ಲಿಗೆ ನನಗೆ ಬುತ್ತಿ ತರುತ್ತಿದ್ದಳು. ಟಾಕೀಸಿನ ಸ್ಪೀಕರ್ ರಿಪೇರಿಗೆ ಬರುತ್ತಿದ್ದ ಈರಣ್ಣ ಅವಳನ್ನು ನೋಡಿದ್ದು ಆ ಗಂಟೆಗೇ. ಮದುವೆಯಾಗಿ ತಲೆ ಅರ್ಧ ನೆರೆತ ಮೇಲೂ ಅವನ ಎದೆ ಅದನ್ನು ಬಿಟ್ಟಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಳಿಯನ ಎದೆಯ ಮಾತು ಮಾವನಾದವನು ಆಡುವುದು ಚೆಂದವಲ್ಲ.

ಎರಡನೇ ಬೇಸಿಗೆಯಲ್ಲಿ ಒಂದು ಗಲಾಟೆಯಾಯಿತು. ಕರೆಂಟು ಹೋಗಿ ಒಬ್ಬ ಹಿರಿಗೈಯ ಲೈನು ಕಡಿಯಿತು. ಅವನ ಕೆಳಗಿನವರೆಲ್ಲ ಒಮ್ಮೆಗೇ ಹೆಬ್ಬೆರಳಿಗೆ ಬಿದ್ದರು. ಅವರಲ್ಲಿ ಝೆರಾಕ್ಸ್ ಅಂಗಡಿಯ ಕೊಟ್ರೇಶನೂ ಒಬ್ಬ. ಕ್ಯಾಬಿನ್ನಿನ ಮೆಟ್ಟಿಲ ಮೇಲೆ ನಿಂತು ಕೂಗಾಡಿದ.

“ನಿಮ್ಮ ಕರೆಂಟು ಹೋದ್ರ ನನ್ನ ಬೆರಳು ಯಾಕ ಹೋಗಬೇಕ್ರೀ? ನಾಲ್ಕು ಬೆರಳು ಗಳಿಸಾಕ ನಾ ಎಷ್ಟು ದಿನ ಕುಂತೀನಿ ಅಂತ ಗೊತ್ತೈತೇನು?”

“ಒಂದು ಉಪಾಯ ಅದ,” ಅಂದ ವಾದಿರಾಜ. “ಅಜ್ಜಾರ, ರೀಲ್ ಕಡದ್ರ ಆಪರೇಟರ್ ಏನ್ ಮಾಡ್ತಿದ್ರು?”

“ಅಂಟು ಹಚ್ಚಿ ಕೂಡಸ್ತಿದ್ರು. ಕೂಡಸೂ ಮಟಾ ಜನಾ ಸೀಟಿ ಹೊಡಿತಿದ್ರು.”

“ಹಾಂ, ಹಂಗs. ನಾಡಿ ಕಡದ್ರ ಯಂತ್ರ ಅಂಟು ಹಚ್ಚತದ. ಆ ಮನುಷ್ಯಾಂದು ಯಾವಾಗಲೂ ಹೆಂಗಿರ್ತದೋ ಹಂಗ ತಾನs ಬಡದು ಕೊಡತದ. ಲೈನ್ ಬಂದ ಕೂಡಲೆ ಖರೇ ನಾಡಿ.”

ಅದಕ್ಕೆ ಅಂಟುನಾಡಿ ಅನ್ನುವ ಹೆಸರು ಬಂತು. ಮೊದಲು ವಾದಿರಾಜ ಅದಕ್ಕೆ ಇಷ್ಟೇ ಹೊತ್ತು ಅಂತ ಸಣ್ಣ ಮಿತಿ ಇಟ್ಟಿದ್ದ. ಮಿತಿ ಬೇಡ ಅಂತ ಜನ ಹಟ ಹಿಡಿದರು. ಸಭೆ ಸೇರಿತು. ನಾಲ್ಬೆರಳು ಮತ್ತು ಮೇಲಿನವರಿಗೆ ಮಾತ್ರ ಕೈ ಎತ್ತುವ ಹಕ್ಕು. ಎಲ್ಲರೂ ಎತ್ತಿದರು, ಮೆಹರಕ್ಕ ಒಬ್ಬಳನ್ನು ಬಿಟ್ಟು.

“ಹೋಗಿರೋ ಬಸ್ಸು ಸ್ಟ್ಯಾಂಡಿನಾಗ ಐತಿ ಅಂತ ನಾ ಕೂಗಿದ್ರ ಹೆಂಗಾಗ್ತೈತಿ?” ಅಂದಳು. ಜನ ನಕ್ಕರು. ಮಿತಿ ಹೋಯಿತು.

ಈರಣ್ಣನಿಗೆ ಮೇಲೆ ಹೋಗುವ ಆಸೆ ಹುಟ್ಟಿದ್ದು ಆಮೇಲೆ. ಅವನದು ಮೈಕ್‌ಸೆಟ್ಟಿನ ಅಂಗಡಿ. ಊರಿನ ಮದುವೆ, ಭಾಷಣ, ನಾಟಕ, ಎಲ್ಲಕ್ಕೂ ಅವನದೇ ಮೈಕು. ಒಂದು ಸಂಜೆ ರೊಟ್ಟಿ ಮುರಿಯುತ್ತ ಅಂದ:

“ಮಾವಾರ, ಎಲ್ಲಾರ ಸ್ಟೇಜೂ ನಾನs ಹತ್ತೀನಿ. ಹಲೋ ಹಲೋ ಅಂದು ಇಳಿದೀನಿ. ನಾ ಇಳಿದ ಮ್ಯಾಲೇನs ಕಾರ್ಯಕ್ರಮ ಚಾಲೂ. ಒಮ್ಮೆರೆ ಹತ್ತಿದ ಮ್ಯಾಲೆ ಅಲ್ಲೇ ಕುಂದ್ರಬೇಕು ಅಂತ ಅನಿಸ್ತೈತಿ.”

“ಕುಂದ್ರೋದಕ್ಕ ಮನ್ಯಾಗ ಮಣಿ ಇಲ್ಲೇನು?” ಅಂದಳು ಅನಸೂಯಾ, ಪಲ್ಯ ಬಡಿಸುತ್ತ. “ನಾಕು ಬೆರಳು ಸಾಲಂಗಿಲ್ಲಂತ, ಹದಿನಾರು ಬೇಕಂತ. ಎಮ್ಮಿ ಕಟ್ಟಾಂವ ಸೈತ ಇಷ್ಟು ಆಸೆ ಪಡಂಗಿಲ್ಲ ಬಿಡ್ರಿ.”

ಅವನು ನಕ್ಕ. ಆದರೆ ಯಂತ್ರ ಅವನನ್ನು ಮೇಲೆ ಬಿಡಲಿಲ್ಲ. ಕುಣಿಯುವ ನಾಡಿ ಅವನದು. ಅವನಾದ ಮೇಲೆ ಕ್ಲಬ್ಬಿಗೆ ಬಂದವರು ಹಿರಿಗೈ ಆದರು. ಕೊಟ್ರೇಶ ಒಮ್ಮೆ ಎಲ್ಲರೆದುರಿಗೆ, “ಈರಣ್ಣನ ಎದಿಯೊಳಗ ಡೊಳ್ಳಿನ ಮೇಳ ಇಟ್ಟಾರ,” ಅಂದ. ಅವತ್ತು ಈರಣ್ಣ ಚಹ ಕುಡಿಯದೆ ಮನೆಗೆ ಹೋದ.

ಮಳೆಗಾಲದ ಹೊತ್ತಿಗೆ ಅವನ ನಾಡಿ ಬದಲಾಯಿತು. ತೋಳ ಬರಲಿ, ದೀಪ ನಡುಗಲಿ, ನನ್ನ ಹೆಬ್ಬೆರಳಿನಲ್ಲಿ ಅದು ಗಡಿಯಾರದ ಲೋಲಕದ ಹಾಗೆ ಹೋಗಿ ಬರುತ್ತಿತ್ತು. ನಮ್ಮ ನಾಡಿಗಳೂ ಅದರ ಹಿಂದೆ ತಣ್ಣಗಾದವು. ಗಂಟೆ ಹೊಡೆದಾಗ ಮಾತ್ರ ಒಂದು ಎಡವು. ಮೊದಲಿನಷ್ಟು ಇಲ್ಲ, ಆದರೂ ಇತ್ತು.

ಮನೆಯಲ್ಲಿ ಅವನ ಕೈ ತಣ್ಣಗಿರುತ್ತಿತ್ತು. ಸ್ಪೀಕರ್ ಎತ್ತಿ ವ್ಯಾನಿಗೆ ಇಟ್ಟರೆ ಏದುಸಿರು. ಅವನಿಗೆ ಸಣ್ಣಂದಿನಿಂದ ದಮ್ಮು. ಅನಸೂಯಾ ಅದೇ ತಿರುಗಿದೆ ಅಂದುಕೊಂಡು ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. ನನ್ನ ಬಿ.ಪಿ. ಗುಳಿಗೆ ತರುವವನು ಅವನೇ. ಒಂದು ದಿನ ಅವನ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಅದೇ ಗುಳಿಗೆಯ ಪಟ್ಟಿ, ಅರ್ಧ ಖಾಲಿ.

“ಈರಣ್ಣಾ, ಇದು ನನ್ನ ಗುಳಿಗಿ. ನಿನಗ್ಯಾಕ?”

ಅವನು ಬಾಗಿಲು ನೋಡಿದ, ಅನಸೂಯಾ ಇದ್ದಾಳೋ ಅಂತ. “ಎದಿ ನಿಧಾನ ಆಗ್ತೈತ್ರಿ ಇದಕ್ಕ. ಭಾಳ ಮಂದಿ ತಗೋತಾರ. ಕಾರ್ತಿಕಕ್ಕ ಬಿಟ್ಟಬಿಡ್ತೀನಿ, ನಿಮ್ಮಾಣಿ.”

ನಾನು ಬಾಗಿಲ ಕಡೆ ನೋಡಲಿಲ್ಲ, ಮಗಳನ್ನು ಕರೆದೇಬಿಟ್ಟೆ. ಅವಳು ಪಟ್ಟಿಯನ್ನು ಒಲೆಗೆ ಹಾಕಿದಳು. ಅವತ್ತು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅವನು ಅವಳ ತಲೆ ಮುಟ್ಟಿ, ಇನ್ನು ತಗೊಳ್ಳುವುದಿಲ್ಲ ಅಂದ. ಬಿಟ್ಟನೋ ಇಲ್ಲವೋ ನೋಡುವ ದಾರಿ ನನಗೊಂದೇ ಇತ್ತು, ನನ್ನ ಹೆಬ್ಬೆರಳು.

ಅಷ್ಟರಲ್ಲಿ ಯಂತ್ರ ಅವನನ್ನು ಹಿರಿಗೈ ಮಾಡಿತು. ಅವನ ಜಾಗಕ್ಕೆ ನಮ್ಮ ನಾಲ್ವರಲ್ಲಿ ನನ್ನ ಹೆಸರು ಹೇಳಿತು. ಹಿಂದೆಯೂ ಹೇಳಿತ್ತು, ಒಲ್ಲೆ ಅಂದಿದ್ದೆ. ಯಾರನ್ನೂ ಬೆರಳಲ್ಲಿ ಹೊತ್ತುಕೊಳ್ಳುವ ಆಸೆ ನನಗಿರಲಿಲ್ಲ. ಈ ಸಲ ಹೂಂ ಅಂದೆ. ಹೆಬ್ಬೆರಳಾಗಿಯೇ ಉಳಿದರೆ ಬೇರೆ ಯಾರದೋ ನಾಡಿ ಬರುತ್ತಿತ್ತು. ನಾಲ್ಬೆರಳಾದರೆ ಈರಣ್ಣನದೇ ಉಳಿಯುತ್ತಿತ್ತು.

ಉಳಿಯಿತು. ಗುಳಿಗೆ ಬಿಟ್ಟಿಲ್ಲ ಅನ್ನುವುದೂ ಮೊದಲ ದಾಟಿನಲ್ಲೇ ಗೊತ್ತಾಯಿತು. ಕ್ಯಾಬಿನ್ನಿಗೆ ಹೋಗಿ ವಾದಿರಾಜನಿಗೆ ಹೇಳಿದೆ. ಅವನ ಪರದೆಯ ಮೇಲೆ ಈರಣ್ಣನ ಗೆರೆ ನೆಲ ಒರೆಸಿದ ಹಾಗೆ ಚೊಕ್ಕವಾಗಿ ಹೋಗುತ್ತಿತ್ತು.

“ಅಜ್ಜಾರ, ಯಂತ್ರಕ್ಕ ನಾಡಿ ಕಾಣತದ, ಗುಳಿಗಿ ಕಾಣಂಗಿಲ್ಲ. ನಾ ಅವರನ್ನ ಬಿಡಸಿದ್ರ ನಾಳೆ ಎಲ್ಲಾರ ಜೇಬೂ ನೋಡಬೇಕಾಗತದ,” ಅಂದ. ನನ್ನ ಮುಖ ನೋಡಲಾಗದೆ ಕನ್ನಡಕ ಒರೆಸಿಕೊಂಡ. “ಕಾರ್ತಿಕ ಮುಗೀಲಿ. ನಾನs ಮಾತಾಡ್ತೇನಿ.”

ಕಾರ್ತಿಕದ ಕೊನೆಯ ದಾಟು ಸೋಮವಾರ ಬಂತು. ಹಾಲು ತುಂಬಿತ್ತು. ಈರಣ್ಣ ಬಾಲ್ಕನಿಯಲ್ಲಿ, ಹಿರಿಗೈಗಳ ಸಾಲಿನಲ್ಲಿ. ಹತ್ತುವ ಮುಂಚೆ ನನ್ನ ಹತ್ತಿರ ನಿಂತ. ಉಸಿರು ಸಣ್ಣಗೆ ಸುಂಯ್‌ಗುಡುತ್ತಿತ್ತು.

“ಮನೀಗೆ ಹೋಗೂಣು ನಡಿ,” ಅಂದೆ.

“ಇದೊಂದು ಮುಗಿಸಿ ಕೂಡೇ ಹೋಗೂಣ್ರಿ,” ಅಂದ.

ಮಂಜು ಇಳಿಯಿತು. ನನ್ನ ಹೆಬ್ಬೆರಳಿನಲ್ಲಿ ಅವನ ನಾಡಿ ನಿಧಾನ, ಸಮ. ತೋಳಗಳು ಬಂದವು, ಹೋದವು. ನನ್ನ ನಾಲ್ವರೂ ತಣ್ಣಗೆ ನಡೆದರು. ಯಾರಿಗೂ ಅಂಜಿಕೆ ಇರಲಿಲ್ಲ. ಅಷ್ಟು ಜನ ಅಷ್ಟು ನೆಮ್ಮದಿಯಿಂದ ಕತ್ತಲಲ್ಲಿ ಕೂತದ್ದನ್ನು ಆ ಹಾಲಿನಲ್ಲಿ ನಾನು ಯಾವ ಸಿನಿಮಾಕ್ಕೂ ಕಂಡಿರಲಿಲ್ಲ.

ಆಗ ಮೆಹರಕ್ಕ ಗಂಟೆ ಹೊಡೆದಳು.

ನನ್ನ ಹೆಬ್ಬೆರಳಿನಲ್ಲಿ ಏನೂ ಆಗಲಿಲ್ಲ. ಟಕ್, ಟಕ್. ಗಂಟೆಯ ಸದ್ದು ಗೋಡೆಗೆ ತಾಗಿ ಸತ್ತಿತು. ಬಾಗಿಲಲ್ಲಿ ಥರ್ಮಾಸಿನ ಮುಚ್ಚಳ ಬಿಚ್ಚಿದ ಸದ್ದು ಬಂತು. ಆ ನಾಡಿ ಎಡವಲಿಲ್ಲ.

ಇದು ನಮ್ಮ ಈರಣ್ಣ ಅಲ್ಲ ಅಂತ ನನ್ನ ಮೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಕನ್ನಡಕ, ಗವಸು ಕಿತ್ತು ಒಗೆದೆ. ನನ್ನ ಕೆಳಗಿನವರು ಬಿದ್ದರೆ ಬೀಳಲಿ ಅಂದುಕೊಂಡೆ. ಕತ್ತಲಲ್ಲಿ ಬಾಲ್ಕನಿಯ ಮೆಟ್ಟಿಲು ಹತ್ತಿದೆ. ಆ ಮೆಟ್ಟಿಲಿಗೆ ನನಗೆ ಬ್ಯಾಟರಿ ಬೇಕಾಗಿರಲಿಲ್ಲ. ಅವನು ಕುರ್ಚಿಯಿಂದ ಜಾರಿ ಎರಡು ಸಾಲಿನ ನಡುವೆ ಬಿದ್ದಿದ್ದ. ಗಾಳಿಗೆ ಒದ್ದಾಡುವಾಗ ಕೈಯಿಂದ ಗವಸು ಕಳಚಿತ್ತು. ಖಾಲಿ ಗವಸು ಕುರ್ಚಿಯ ತೋಳಿನ ಮೇಲೆ ಅಂಗೈ ಮೇಲಾಗಿ ಕೂತಿತ್ತು. ಆಟ ಮತ್ತೆ ಶುರುವಾಗಿ ಪಕ್ಕದ ಹಿರಿಗೈಗಳು ಮಂಜಿನೊಳಗಿದ್ದರು. ಒಬ್ಬನ ಕಾಲು ಈರಣ್ಣನ ಭುಜಕ್ಕೆ ತಾಗುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ.

“ಅನಸೂ!” ಅಂತ ಕೂಗಿದೆ. ಅವಳು ಥರ್ಮಾಸು ಬಿಟ್ಟು ಓಡಿಬಂದಳು. ನಾವಿಬ್ಬರೇ ಅವನನ್ನು ಕೆಳಗೆ ತಂದೆವು. ಕನ್ನಡಕ ಹಾಕಿದ ಅಷ್ಟೂ ಜನರ ನಡುವೆ ಹಾದು ಹೊರಗೆ ಹೋದೆವು. ಒಬ್ಬರೂ ತಲೆ ಎತ್ತಲಿಲ್ಲ. ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಹೆಬ್ಬೆರಳನ್ನು ಅವನ ಮಣಿಕಟ್ಟಿಗೆ ಒತ್ತಿ ಹಿಡಿದಿದ್ದೆ. ಮೊದಲು ಏನೋ ಇತ್ತು. ಆಸ್ಪತ್ರೆಯ ಗೇಟಿನ ಹತ್ತಿರ ಇರಲಿಲ್ಲ.

ದಮ್ಮು ಇದ್ದವರಿಗೆ ಆ ಗುಳಿಗೆ ಉಸಿರಿನ ದಾರಿಯನ್ನೇ ಕಟ್ಟುತ್ತದೆ ಅಂತ ಡಾಕ್ಟರು ಹೇಳಿದರು. ಅನಸೂಯಾ ಕೇಳಿಸಿಕೊಂಡಳು.

ಮಂಗಳವಾರ ಮಣ್ಣು ಮಾಡಿ ಬಂದ ಮೇಲೆ ಕೊಟ್ರೇಶ, ವಾದಿರಾಜ, ಮೆಹರಕ್ಕ ಮನೆಗೆ ಬಂದರು. ಕೊಟ್ರೇಶ ಕೈಯಲ್ಲಿ ಈರಣ್ಣನ ಗವಸು ಹಿಡಿದಿದ್ದ, ಹೊಸ ಟವೆಲ್ಲಿನಲ್ಲಿ ಸುತ್ತಿ.

“ಅಜ್ಜಾ, ಹೆಂಗ ಹೇಳಬೇಕು ತಿಳಿವಲ್ದು. ಯಂತ್ರ ಈರಣ್ಣನ್ನ ತುದಿಗೈ ಮಾಡೇತಿ. ಅಂಥಾ ಹದ ಇಲ್ಲೀತನಾ ಯಾರದೂ ಬಂದಿಲ್ಲಂತ. ಅವನ ಜಾಗಕ್ಕ ನಿಮ್ಮನ್ನ ಹಿರಿಗೈ ಮಾಡೇತಿ.”

ನನಗೆ ಅರ್ಥವಾಗಲಿಲ್ಲ. ವಾದಿರಾಜ ನೆಲ ನೋಡುತ್ತ ಬಿಡಿಸಿ ಹೇಳಿದ. ಗವಸು ಕಳಚಿದ ಕೂಡಲೇ ಯಂತ್ರ ಈರಣ್ಣನಿಗೆ ಅಂಟುನಾಡಿ ಹಚ್ಚಿತ್ತು. ನಾನು ಕಿತ್ತೊಗೆದಾಗ ನನಗೂ ಹಚ್ಚಿತ್ತು. ಆದ್ದರಿಂದ ಯಾರೂ ಬಿದ್ದಿರಲಿಲ್ಲ. ಅಂಟುನಾಡಿಗೆ ಅಂಜಿಕೆ ಇಲ್ಲ. ಇಡೀ ಕ್ಲಬ್ಬು ಅದರ ಹಿಂದೆ ಶಾಂತವಾಗಿ ದಾಟಿತ್ತು. ನಾನು ಆಟೋದಲ್ಲಿ ಕೂತಿದ್ದ ಹೊತ್ತಿಗೆ ನನಗೆ ಬಡ್ತಿ ಬಂದಿತ್ತು.

“ಈಗಲೂ ಬಡಿಯಾಕತ್ತೈತೇನು?” ಅನಸೂಯಾ ಕೇಳಿದಳು.

“ಹೌದ್ರಿ ಅಕ್ಕಾರ,” ಅಂದ ವಾದಿರಾಜ. “ಮಿತಿ ಇಲ್ಲಲ್ಲ.”

ಕೊಟ್ರೇಶ ದನಿ ಇಳಿಸಿದ. “ತಂಗೀ, ಐತವಾರ ಹೊರಗಿನೂರವರ ಕೂಡ ದಾಟು ಐತಿ. ಅಲ್ಲೀತನಾ ಇರಲಿ. ಈಗ ನಿಲ್ಲಿಸಿದ್ರ ತುದೀಲಿಂದ ಹಿಡದು ಎಲ್ಲಾರೂ ಹೆಬ್ಬೆರಳಿಗೆ ಬೀಳ್ತಾರ. ಅವನ ಹೆಸರು ಮ್ಯಾಲೆ ಇರ್ತೈತಿ ನೋಡು. ಅವಗೂ ಅದs ಬೇಕಾಗಿತ್ತಲ್ಲ.”

ಮೆಹರಕ್ಕ ಗವಸಿನ ಕಡೆ ನೋಡುತ್ತ ಅಂದಳು: “ನನ್ನ ಬೆರಳಿನಾಗ ಇದ್ದ ಅಂವ. ಅಷ್ಟು ನಿಧಾನ ಬಡಿಯಾಕತ್ತಿತ್ತು. ನಾ ಅದನ್ನ ಧೈರ್ಯ ಅಂದ್ಕೊಂಡೆ.” ಆಮೇಲೆ ಕೊಟ್ರೇಶನ ಕಡೆ ತಿರುಗಿದಳು. “ಗವಸು ಅವರ ಮನೀದು. ಕೊಟ್ಟು ಎದ್ದೇಳು.”

ಗವಸು ಎರಡು ದಿನ ಜಗಲಿಯ ಮೇಲೆ, ಅವನ ಟೆಸ್ಟರ್, ಇಕ್ಕಳದ ಪಕ್ಕ ಇತ್ತು. ಗುರುವಾರ ಹೊತ್ತು ಮುಳುಗುವಾಗ ಅನಸೂಯಾ ಮುಖ ತೊಳೆದುಕೊಂಡು ಬಂದಳು.

“ಯಪ್ಪಾ, ಟಾಕೀಸಿಗೆ ಹೋಗೂಣು. ನೀನೂ ನಿನ್ನ ಗವಸು ಹಾಕ್ಕೋ.”

ಅವತ್ತು ಸಾದಾ ದಾಟು. ನಾವು ಬಾಲ್ಕನಿಗೆ ಹತ್ತಿದೆವು. ಅವಳು ಈರಣ್ಣನ ಕುರ್ಚಿಯಲ್ಲಿ ಕೂತಳು, ನಾನು ಪಕ್ಕದಲ್ಲಿ. ಹೆಬ್ಬೆರಳಿನವರ ಸಾಲಿನಲ್ಲಿ, ಎಲ್ಲರಿಗಿಂತ ಮುಂದೆ, ಮೆಹರಕ್ಕ ಕೂತಿದ್ದಳು. ನನ್ನ ಗವಸು ಹಾಕಿಕೊಂಡೆ. ಹೆಬ್ಬೆರಳಿನಲ್ಲಿ ಈರಣ್ಣ ಬಡಿಯುತ್ತಿದ್ದ. ಟಕ್, ಟಕ್. ಸೋಮವಾರದ್ದೇ ನಡಿಗೆ. ಅನಸೂಯಾ ಕನ್ನಡಕ ಹಾಕಲಿಲ್ಲ. ಗಂಡನ ಗವಸಿನೊಳಗೆ ಕೈ ತೂರಿಸಿದಳು. ಅದು ಅವಳಿಗೆ ದೊಡ್ಡದಾಗಿತ್ತು. ಲೈನ್ ಬಂದ ಕೂಡಲೆ ಖರೇ ನಾಡಿ ಅಂತ ವಾದಿರಾಜ ಹೇಳಿದ್ದು ನೆನಪಾಯಿತು. ನನ್ನ ಹೆಬ್ಬೆರಳಿನಲ್ಲಿ ಲೋಲಕ ನಿಂತಿತು. ಅದರ ಜಾಗದಲ್ಲಿ ನನ್ನ ಮಗಳ ನಾಡಿ ಬಂತು, ಓಡುತ್ತ, ಎಡವುತ್ತ. ಹಾಲಿನ ತುಂಬ ಜನ ಕುರ್ಚಿಯಲ್ಲಿ ಅಲುಗಾಡಿದರು. ಎಷ್ಟೋ ದಿನದ ಮೇಲೆ ಎಲ್ಲರಿಗೂ ಒಮ್ಮೆಗೇ ಅಂಜಿಕೆ ಹೊಕ್ಕಿತ್ತು.

“ಹೆಬ್ಬೆರಳಿನಾಗ ಏನೂ ಇಲ್ಲ ಯಪ್ಪಾ,” ಅಂದಳು ಮೆಲ್ಲಗೆ. “ಇಲ್ಲಿ ಕುಂದ್ರಾಕ ಇಷ್ಟು ಮಾಡಿದ್ರೇನು ಅವರು?”

ಆಮೇಲೆ ಕಿರುಬೆರಳು ತುಸು ಎತ್ತಿದಳು. “ಇದೊಂದು ಭಾಳ ದಣದೈತಿ. ಇದು ನಿಂದೇನು?”

“ನಂದs ಇರಬೇಕವ್ವಾ.”

ಕೆಳಗೆ ಮೆಹರಕ್ಕ ಎದ್ದು ಹೋಗಿ ಗಂಟೆ ಹೊಡೆದಳು. ಅನಸೂಯಾ ಬಾಗಿಲ ಕಡೆ ನೋಡಿದಳು. ಅಲ್ಲಿ ಥರ್ಮಾಸು ಹಿಡಿದು ನಿಂತವರು ಯಾರೂ ಇರಲಿಲ್ಲ. ಅವಳು ನಾಲ್ಕು ಬೆರಳನ್ನು ಅಂಗೈಗೆ ಮಡಚಿದಳು, ಬಿಚ್ಚಿದಳು. ಮತ್ತೆ ಮಡಚಿದಳು, ಬಿಚ್ಚಿದಳು. ಮೂರನೇ ಸಲ ಮಡಚಿದ್ದನ್ನು ಎಷ್ಟೋ ಹೊತ್ತು ಬಿಚ್ಚಲಿಲ್ಲ.

ಮಂಜಿನೊಳಗೆ ಎಲ್ಲರ ಕೈಯ ದೀಪಗಳೂ ಆರಿದವು. ಜನ ಕನ್ನಡಕ ತೆಗೆದು, ಬ್ಯಾಟರಿಯ ಬೆಳಕು ಬಿದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಟ್ರೇಶ ಏನೋ ಕೂಗಲು ಎದ್ದವನು ಬಾಲ್ಕನಿಯ ಕಡೆ ನೋಡಿ ಕೂತ. ಎಲ್ಲರೂ ಮತ್ತೆ ಹೆಬ್ಬೆರಳು. ಯಾರ ಮೇಲೆ ಯಾರೂ ಇಲ್ಲ.

ನಾನು ಮಗಳ ಮುಂದೆ ನಡೆದು ಮೆಟ್ಟಿಲು ತೋರಿಸಿದೆ. ಆ ಟಾಕೀಸಿನಿಂದ ನಾನು ಹೊರಗೆ ಮುಟ್ಟಿಸಿದ ಕೊನೆಯವಳು ಅವಳೇ.

ಈರಣ್ಣ ಹೋದದ್ದು ಕಾರ್ತಿಕದ ಕೊನೆಯ ಸೋಮವಾರ. ಅವನ ನಾಡಿ ಹೋದದ್ದು ಗುರುವಾರ.